ಅಲುಗದ ಕಣ

ಐಪೀಸು ತಿರುಗಿಸಿದರೆ ಕಣವೂ ತಿರುಗುತ್ತದೆ. ನಿನ್ನೆ ಸಂಜೆಯಿಂದ ಸೋಮಲಿಂಗಪ್ಪನ ತಲೆಯೊಳಗೆ ಈ ಒಂದೇ ವಾಕ್ಯ ಹೇಳದೆ ಕೇಳದೆ ಬಂದ ನೆಂಟನ ಹಾಗೆ ಠಿಕಾಣಿ ಹೂಡಿತ್ತು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗಲೂ ಅದೇ, ಬೆಳಿಗ್ಗೆ ಸ್ನಾನ ಮುಗಿಸಿ ಗೋಡೆಗನ್ನಡಿಯ ಮುಂದೆ ನಿಂತು ಮೂರು ಬೆರಳಲ್ಲಿ ಹಣೆಗೆ ವಿಭೂತಿ ಎಳೆದುಕೊಳ್ಳುವಾಗಲೂ ಅದೇ. ಎಳೆಯುವಾಗ ಬೆರಳಿನಿಂದ ಒಂದಿಷ್ಟು ಪುಡಿ ಉದುರಿ ಕಿಟಕಿಯ ಬಿಸಿಲುಕೋಲಿನಲ್ಲಿ ತೇಲಾಡಿತು. ಅವನು ಕೈಯನ್ನು ಹಾಗೇ ನಿಲ್ಲಿಸಿ ನೋಡಿದ. ಹಾಳಾದ್ದು, ಇಲ್ಲಿ ಎಷ್ಟು ಚೆನ್ನಾಗಿ ಓಡಾಡುತ್ತದೆ ಅನ್ನಿಸಿತು. ವಿಭೂತಿಯನ್ನು ಹಾಳಾದ್ದು ಅಂದದ್ದಕ್ಕೆ ಶಿವಶಿವಾ ಎಂದು ಕೆನ್ನೆ ತಟ್ಟಿಕೊಂಡ. "ರೀ, ಉಪ್ಪಿಟ್ಟು ಆರ್ತಾ ಇದೆ" ಎಂದು ಒಳಗಿನಿಂದ ಹೆಂಡತಿ ಗಿರಿಜಾದೇವಿ ಕೂಗಿದಳು. ಮೊದಲ ತುತ್ತಿಗೇ ಗೊತ್ತಾಯಿತು, ಉಪ್ಪು ಬಿದ್ದಿಲ್ಲ. "ಹೆಂಗಿದೆ?" ಎಂದಳು. "ಚೆನ್ನಾಗಿದೆ" ಎಂದ. ಐದು ನಿಮಿಷದ ಮೇಲೆ ತಾನೇ ಬಾಯಿಗಿಟ್ಟುಕೊಂಡವಳು, "ಅಯ್ಯೋ, ಉಪ್ಪೇ ಹಾಕಿಲ್ಲವಲ್ರೀ ನಾನು! ತಟ್ಟೆ ಖಾಲಿ ಮಾಡಿ ಕೂತಿದೀರಲ್ಲ, ನಾಲಿಗೆ ಇಲ್ವಾ ನಿಮಗೆ? ಒಂದು ಮಾತು ಹೇಳಬಾರದಾ?" ಎಂದಳು. ಆಮೇಲೆ ಅವಳೇ ಕರಗಿ, "ಪಾಪ, ಇವತ್ತು ನಿಮ್ಮ ತಲೆ ಇಲ್ಲೆಲ್ಲಿರುತ್ತೆ" ಎನ್ನುತ್ತ ಮದುವೆಯ ಬೂದು ಕೋಟನ್ನು ತಂದು ತೊಡಿಸಿದಳು. ಕೋಟಿನ ಹೊಟ್ಟೆಯ ಗುಂಡಿ ಹದಿಮೂರು ವರ್ಷದಲ್ಲಿ ಮೊದಲ ಸಲ ಜಗಳವಾಡಿತು. "ಬರುವಾಗ ಖಾಯಂ ಆಗಿಯೇ ಬರಬೇಕು" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. 

ವಿಷಯ ದೊಡ್ಡದೇನಲ್ಲ; ಕಣ್ಣಿಗೆ ಕಾಣದಷ್ಟು ಚಿಕ್ಕದು, ಅದೇ ತಾಪತ್ರಯ. ಬೆಳಕು ತಾನು ಮುಟ್ಟಿದ್ದನ್ನು ತಳ್ಳುತ್ತದೆ. ಎಷ್ಟು ಮೆತ್ತಗೆ ಎಂದರೆ ಸೊಳ್ಳೆಯ ರೆಕ್ಕೆಗೂ ಗೊತ್ತಾಗುವುದಿಲ್ಲ. ಆದರೆ ಲೇಸರಿನ ಬೆಳಕನ್ನು ಮಸೂರದಿಂದ ಕೂದಲಿಗಿಂತ ಸಣ್ಣಗೆ ಮಾಡಿ, ನೀರಿನಲ್ಲಿ ತೇಲುವ, ಮಿಲಿಮೀಟರಿನ ಸಾವಿರದಲ್ಲಿ ಎರಡು ಪಾಲಿನಷ್ಟಿರುವ ಪ್ಲಾಸ್ಟಿಕ್ ಗುಂಡಿನ ಮೇಲೆ ಬಿಟ್ಟರೆ, ಗುಂಡು ಓಡಿಹೋಗುವ ಬದಲು ಬೆಳಕಿನ ನಡುವಿಗೇ ಬಂದು ಸೇರಿಕೊಳ್ಳುತ್ತದೆ. ಅಮೆರಿಕದಲ್ಲಿ ಹಾಗೆ ಹಿಡಿದು ತೋರಿಸಿ ಐದು ವರ್ಷವಾಗಿತ್ತು. ಆ ಲೇಖನವನ್ನು ಸೋಮಲಿಂಗಪ್ಪ ಲೈಬ್ರರಿಯಲ್ಲಿ ಕೂತು ಕೈಬರಹದಲ್ಲಿ ನಕಲು ಮಾಡಿಕೊಂಡು ಬಂದಿದ್ದ. ಅವರ ಲೇಸರು ಬಲವಾದದ್ದು. ಇವನದು ಕೆಂಪು ಬೆಳಕಿನ ಬಡಕಲು; ಕಾಲೇಜಿನ ಸೆಕ್ರೆಟರಿ ಶಂಭುಲಿಂಗಪ್ಪನವರ ನೆಂಟರೊಬ್ಬರು ವಿದೇಶದಿಂದ ಬರುವಾಗ ತಂದು ದಾನ ಕೊಟ್ಟದ್ದು. ದಾನಿಗಳ ಹೆಸರನ್ನು ಅದರ ಮೈಮೇಲೆ ಹಳದಿ ಬಣ್ಣದಲ್ಲಿ ಎಷ್ಟು ದಪ್ಪಗೆ ಬರೆಸಿದ್ದರೆಂದರೆ ಬೆಳಕು ಹೊರಗೆ ಬರುವ ತೂತಿಗೆ ಜಾಗ ಉಳಿದದ್ದೇ ಪುಣ್ಯ. ಅದಕ್ಕೊಂದು ಸ್ಟ್ಯಾಂಡನ್ನು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಲೇತಿನವನ ಕೈಕಾಲು ಹಿಡಿದು ಮಾಡಿಸಿಕೊಂಡಿದ್ದ. ಗಾಜಿನ ಪುಟ್ಟ ಗೂಡನ್ನು ಸ್ಲೈಡಿನ ಚೂರುಗಳಿಗೆ ಅಂಟು ಹಾಕಿ ತಾನೇ ಕಟ್ಟಿದ್ದ. ಅದಕ್ಕೆ ತುಂಬಲು ಬೇಕಾದ ಡಿಸ್ಟಿಲ್ಡ್ ವಾಟರ್ ಮಾತ್ರ ಯಾವಾಗ ಕೇಳಿದರೂ ಸೆಕ್ರೆಟರಿಯವರ ಕಾರಿನ ಬ್ಯಾಟರಿಗೆ ಹೋಗಿರುತ್ತಿತ್ತು. ಲೇಸರು ಪಕ್ಕದಿಂದ ಗೂಡಿನೊಳಗೆ ಹೋಗುತ್ತದೆ, ಮೇಲಿನಿಂದ ಮೈಕ್ರೋಸ್ಕೋಪಿನ ಐಪೀಸಿಗೆ, ಅಂದರೆ ತುದಿಯ ಗಾಜಿನ ಕೊಳವೆಗೆ, ಕಣ್ಣಿಟ್ಟು ಬಗ್ಗಿ ನೋಡಬೇಕು. ನೋಡಲು ಬೇಕಾದ ಬೆಳಕನ್ನು ಕೆಳಗಿನ ಕನ್ನಡಿಯೊಂದು ಕಿಟಕಿಯಿಂದ ಹಿಡಿದು ಕೊಡುತ್ತದೆ. ಒಂದು ವರ್ಷ ಒಂದು ಗುಂಡೂ ಸಿಕ್ಕಲಿಲ್ಲ. ದಸರಾ ರಜೆ ಕಳೆದು ಲ್ಯಾಬಿನ ಬಾಗಿಲು ತೆಗೆದ ದಿನ ಕಣ್ಣಿಟ್ಟರೆ, ಸರಿಯಾಗಿ ಬೆಳಕಿನ ನಡುವೆ ಒಂದು ಕಣ ನಿಂತಿತ್ತು. ಉಳಿದ ಗುಂಡುಗಳೆಲ್ಲ ಬಸ್‌ಸ್ಟ್ಯಾಂಡಿನ ಜನರ ಹಾಗೆ ಅಲೆಯುತ್ತಿದ್ದರೆ ಇದು ಮಿಸುಕಲಿಲ್ಲ. ಗೂಡನ್ನು ಮೆಲ್ಲಗೆ ಆಚೆ ಸರಿಸಿದ. ಉಳಿದವೆಲ್ಲ ಸರಿದುಹೋದವು, ಇದು ನಿಂತಲ್ಲೇ ನಿಂತಿತ್ತು. ಸೋಮಲಿಂಗಪ್ಪ ಸ್ಟೂಲಿನ ಮೇಲೆ ಕೂತು ಮಕ್ಕಳ ಹಾಗೆ ಅತ್ತುಬಿಟ್ಟ.

ಒಂದು ಸಲ ಬೆಳಕಿಗೆ ಕೈ ಅಡ್ಡ ಹಿಡಿದು ನೋಡಿದ್ದರೆ ಮುಗಿದುಹೋಗುತ್ತಿತ್ತು. ಬೆಳಕು ಹಿಡಿದದ್ದಾದರೆ ಬೆಳಕು ತಪ್ಪಿದಾಗ ಹೋಗಬೇಕು. ಬಿ.ಎಸ್‌ಸಿ. ಹುಡುಗರಿಗೂ ಹೊಳೆಯುವ ಮಾತು. ಅವನು ಯಾಕೆ ಹಿಡಿಯಲಿಲ್ಲ? ಹೋಗಿಬಿಟ್ಟರೆ, ಎಂದು. ಒಂಬತ್ತು ವರ್ಷದಿಂದ ಟೆಂಪೊರರಿ ಲೆಕ್ಚರರ್ ಆಗಿ, ಪ್ರತಿ ಜೂನ್‌ನಲ್ಲೂ ಆಫೀಸಿನ ಮುಂದಿನ ಬೆಂಚಿನ ಮೇಲೆ ಹೊಸ ಅಡ್ಮಿಷನ್ನಿನ ಹುಡುಗರ ಜೊತೆ ಕೂತು, "ಏನ್ರೀ ಮೇಷ್ಟ್ರೇ, ಈ ವರ್ಷಾನೂ ನೀವೇನಾ?" ಅನ್ನಿಸಿಕೊಂಡು ಕೆಲಸ ತಗೊಂಡವನಿಗೆ, ಸಿಕ್ಕಿದ್ದನ್ನು ಪರೀಕ್ಷೆ ಮಾಡುವ ಧೈರ್ಯ ಎಲ್ಲಿಂದ ಬರಬೇಕು? ಸಂಜೆ ಲೇಸರು ಆರಿಸಿ ಹೋಗುತ್ತಿದ್ದ. ಬೆಳಿಗ್ಗೆ ಬಂದರೆ ಕಣ ಅಲ್ಲೇ ಇರುತ್ತಿತ್ತು. ಹೊಸದೊಂದು ಸಿಕ್ಕಿಕೊಂಡಿದೆ ಅಂದುಕೊಳ್ಳುತ್ತಿದ್ದ. ಇಪ್ಪತ್ತು ದಿವಸ ದಿನಾ ಹೊಸದೊಂದು, ದಿನಾ ಅದೇ ಜಾಗದಲ್ಲಿ! ಪ್ರಿನ್ಸಿಪಾಲ್ ಗಂಗಾಧರಯ್ಯನವರಿಗೆ ವರದಿ ಬರೆದುಕೊಟ್ಟ, ಅವರು ಸೆಕ್ರೆಟರಿಗೆ ಕಳಿಸಿದರು, ಸೆಕ್ರೆಟರಿ ಶನಿವಾರ ತಾವೇ ಬಂದು ನೋಡಿ ಸಭೆ ಮಾಡುವುದಾಗಿ ನೋಟೀಸು ಹಾಕಿಸಿದರು. ಶುಕ್ರವಾರ ಸಂಜೆ, ಅಂದರೆ ನಿನ್ನೆ, ಸಾಹೇಬರ ಕಣ್ಣಿಗೆ ಶುಭ್ರವಾಗಿರಲಿ ಎಂದು ಐಪೀಸಿನ ಅಂಚು ಒರೆಸುವಾಗ ಅದು ಒಂದು ಸುತ್ತು ತಿರುಗಿತು. ಒಳಗೆ ಕಣವೂ ಒಂದು ಸುತ್ತು ತಿರುಗಿತು. ಅದು ನೀರಿನಲ್ಲೂ ಇರಲಿಲ್ಲ, ಬೆಳಕಿನಲ್ಲೂ ಇರಲಿಲ್ಲ. ಐಪೀಸಿನ ಒಳಗಾಜಿಗೆ ಅಂಟಿಕೊಂಡಿತ್ತು.

ಕೋಟು ತೊಟ್ಟು ಹೊರಗೆ ಬಂದರೆ ಬಾಗಿಲಲ್ಲಿ ಮನೆ ಮಾಲೀಕ ಹನುಮಂತಯ್ಯ ಹಲ್ಲುಜ್ಜುತ್ತ ನಿಂತಿದ್ದ. ಈ ಬೀದಿಯೆಲ್ಲ ರಾಗಿ ಹೊಲವಾಗಿದ್ದಾಗಿನ ಒಡೆಯ. "ಏನ್ಸಾರ್, ಬೆಳಕಲ್ಲಿ ಧೂಳು ಹಿಡೀತೀರಂತೆ? ನಮ್ಮ ಅಟ್ಟದ ಮೇಲೆ ಬೇಕಾದಷ್ಟಿದೆ, ಒಂದಿನ ಬಂದು ಹಿಡ್ಕೊಂಡು ಹೋಗಿ" ಎಂದು ನೊರೆ ಉಗುಳಿ ನಕ್ಕ. ಸೋಮಲಿಂಗಪ್ಪನೂ ನಕ್ಕ, ಇವನ ಮುಂದೆ ನಗದೆ ಇದ್ದರೆ ನಲ್ಲಿ ನೀರು ನಿಲ್ಲುತ್ತದೆ. ನಡೆಯುತ್ತ ನಡೆಯುತ್ತ ಆ ಮಾತೇ ಚುಚ್ಚತೊಡಗಿತು. ಧೂಳು ಎಂದನಲ್ಲ, ಅವನಿಗೆ ಹೇಗೆ ಗೊತ್ತಾಯಿತು? ಛೇ, ಅವನಿಗೇನು ಗೊತ್ತು. ಎಲ್ಲರೂ ಧೂಳು ಅಂತಲೇ ಅನ್ನುವುದು. ಕಾಲೇಜಿನ ಕಾಂಪೌಂಡಿನ ಮೇಲೆ ಹೊಸ ಸುಣ್ಣದ ಮೇಲೆ ನೀಲಿ ಅಕ್ಷರದಲ್ಲಿ ಶಿಸ್ತು, ಶಿಸ್ತು ಎಂದು ಬರೆದಿದ್ದರು. ಎಮರ್ಜೆನ್ಸಿಯ ಆ ವರ್ಷ ಜೂನ್ ಕಳೆದ ಮೇಲೆ ಊರಿನ ಗೋಡೆಗಳಿಗೆಲ್ಲ ಒಮ್ಮೆಲೇ ಶಿಸ್ತು ಬಂದಿತ್ತು, ಜೋರಾಗಿ ಮಾತಾಡುವವರು ಕಡಿಮೆಯಾಗಿದ್ದರು. ಗೇಟಿನ ಹತ್ತಿರ ನಿಂತು ಅವನು ಒಂದು ನಿರ್ಧಾರ ಮಾಡಿದ: ಪ್ರಿನ್ಸಿಪಾಲರ ರೂಮಿಗೆ ಹೋಗುವುದು, ಸಾರ್ ನಾನು ಮೋಸಹೋದೆ, ಸಭೆ ನಿಲ್ಲಿಸಿ ಅನ್ನುವುದು. ಹೋದರೆ ಪ್ರಿನ್ಸಿಪಾಲರು ಹಾರಕ್ಕೆ ಹೂವಿನವನ ಜೊತೆ ಚೌಕಾಸಿ ಮಾಡುತ್ತಿದ್ದರು. ಇವನನ್ನು ಕಂಡು, "ಬಂದ್ರಾ? ಉದ್ದ ಎಷ್ಟು ಬೇಕು ನಿಮಗೆ?" ಎಂದರು. ಅವನು ತನ್ನ ಎದೆಯ ಅಳತೆ ತೋರಿಸಿ ಹೊರಗೆ ಬಂದ.

ಲ್ಯಾಬಿನಲ್ಲಿ ಅಟೆಂಡರ್ ಮುನಿಯಣ್ಣ ಮೇಜಿಗೆ ಬಿಳಿ ಬಟ್ಟೆ ಹಾಸುತ್ತಿದ್ದ. ರಿಟೈರ್ ಆಗಲು ಎರಡು ವರ್ಷವಿರುವ, ಒಂದು ಬೀಕರೂ ಒಡೆಯದ ಮನುಷ್ಯ. ಅವನ ಹಣೆಯ ಮೇಲೆ ವಿಭೂತಿ ಇರುತ್ತಿರಲಿಲ್ಲ, ಅವನ ಮನೆದೇವರು ಬೇರೆ. ಆದರೆ ಈ ಆಡಳಿತ ಮಂಡಳಿಯ ಕಾಲೇಜಿನಲ್ಲಿ ಯಂತ್ರಗಳ ಹಣೆಗೆ ಏನು ಹಚ್ಚಬೇಕೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಲೇಸರಿನ ಮೇಲೆ, ದಾನಿಯ ಹೆಸರಿನ ಮೇಲ್ಗಡೆ, ಹಬ್ಬದ ಮೂರು ಪಟ್ಟೆ ಇನ್ನೂ ಹಾಗೇ ಇದ್ದವು. "ಮುನಿಯಣ್ಣ," ಎಂದ ಸೋಮಲಿಂಗಪ್ಪ, "ಆಯುಧಪೂಜೆ ದಿವಸ ಮೈಕ್ರೋಸ್ಕೋಪು ಒರೆಸಿದ್ಯಲ್ಲ, ಐಪೀಸು ಬಿಚ್ಚಿದ್ಯಾ?"

"ಬಿಚ್ಚದೆ ಇರ್ತೀನಾ ಸಾರ್? ಎಲ್ಲಾ ಬಿಚ್ಚಿ, ಒಳಗೂ ಹೊರಗೂ ಬಟ್ಟೇಲಿ ಒರೆಸಿ, ಮೂರು ಬೆರಳು ಎಳೆದು, ತಿರುಪಿ ಹಾಕಿದೀನಿ. ಮೇಲ್ಗಡೆ ಮೇಲ್ಗಡೆ ಹಚ್ಚಿ ಕೈ ತೊಳ್ಕೊಳ್ಳೋ ಗಿರಾಕಿ ಅಲ್ಲ ನಾನು."

"ಒಳಗಿನ ಗಾಜಿಗೂ ಹಚ್ಚಿದ್ಯಾ?"

"ಹಚ್ಚಲಿಲ್ಲ ಸಾರ್. ಬೆರಳಲ್ಲಿದ್ದದ್ದು ಒಂಚೂರು ಉದುರಿರಬೋದು. ದೇವರ ಪ್ರಸಾದ, ಏನಾಗುತ್ತೆ?"

ಸೋಮಲಿಂಗಪ್ಪ ಐಪೀಸನ್ನು ಬಿಚ್ಚಿ ಕೈಯಲ್ಲಿ ಹಿಡಿದ. ಜೇಬಿನಿಂದ ಕರವಸ್ತ್ರ ತೆಗೆದ. ಒಂದು ಸಲ ಒರೆಸಿದರೆ ಸಾಕು, ಸಾಹೇಬರು ಬಗ್ಗಿ ನೋಡುತ್ತಾರೆ, ಏನೂ ನಿಂತಿರುವುದಿಲ್ಲ, ಇವತ್ತು ಸಿಗಲಿಲ್ಲ ಸಾರ್ ಅನ್ನಬಹುದು. ಅದು ಸುಳ್ಳೂ ಅಲ್ಲ. ಕರವಸ್ತ್ರದ ಮೂಲೆಯಲ್ಲಿ ಗಿರಿಜಾದೇವಿ ಯಾವ ಕಾಲದಲ್ಲೋ ಕಸೂತಿ ಹಾಕಿದ್ದ 'ಸೋ' ಕಾಣಿಸಿತು. ಖಾಯಂ ಆಗಿಯೇ ಬರಬೇಕು. ಮೊದಲ ಜೂನ್‌ನಲ್ಲಿ ಅವಳು ಬಾಗಿಲಿಗೆ ಬಂದು ನಿಂತು ಖಾಯಂ ಆಯ್ತಾ ಎಂದು ಕೇಳಿದ್ದಳು, ಮೂರನೆಯ ಜೂನ್‌ನಲ್ಲಿ ಒಲೆಯ ಮುಂದಿನಿಂದಲೇ ಕೇಳಿದಳು, ಐದರಿಂದಾಚೆಗೆ ಕೇಳುವುದನ್ನೇ ಬಿಟ್ಟು ಅವನ ಚಪ್ಪಲಿಯ ಸದ್ದಿನಲ್ಲೇ ತಿಳಿದುಕೊಳ್ಳುತ್ತಿದ್ದಳು. ಹೊರಗೆ ಕಾರಿನ ಹಾರನ್ನು ಕೇಳಿತು. ಅವನು ಐಪೀಸನ್ನು ಒರೆಸದೆ ಮತ್ತೆ ತಿರುಪಿದ, ಕಣ ಸರಿಯಾಗಿ ಬೆಳಕಿನ ನಡುವೆ ಬರುವಷ್ಟು. ಕೈ ನಡುಗಲಿಲ್ಲ. ನಡುಗಲಿಲ್ಲವಲ್ಲ ಎಂದು ತನ್ನ ಮೇಲೇ ಹೇಸಿಗೆಯಾಯಿತು.

ಶಂಭುಲಿಂಗಪ್ಪನವರು ಮೈಸೂರು ರಸ್ತೆಯಲ್ಲಿ ಮರದ ಡಿಪೋ ಇಟ್ಟವರು. ಯಾವುದನ್ನು ನೋಡಿದರೂ ಬೆರಳಿನಿಂದ ತಟ್ಟಿ ನೋಡುವ ಅಭ್ಯಾಸ. ಬಂದವರೇ ಲೇಸರನ್ನು ತಟ್ಟಿದರು, ಮೇಜನ್ನು ತಟ್ಟಿದರು, ಸೋಮಲಿಂಗಪ್ಪನ ಬೆನ್ನನ್ನೂ ತಟ್ಟಿದರು. ಹಿಂದೆ ಪ್ರಿನ್ಸಿಪಾಲರು, ಅವರ ಕೈಯಲ್ಲಿ ಹಾರ. "ಎಲ್ರೀ ನಿಮ್ಮ ಕಣ?" ಎಂದು ಬಗ್ಗಿ, ಎರಡೂ ಕಣ್ಣು ಮುಚ್ಚಿ ಐಪೀಸಿಗೆ ಮುಖ ಒತ್ತಿದರು. "ಏನೂ ಕಾಣಲ್ವಲ್ರೀ." ಪ್ರಿನ್ಸಿಪಾಲರು ವಿನಯದಿಂದ, ಒಂದು ಕಣ್ಣು ತೆರೆಯಬೇಕು ಸಾರ್, ಎಂದರು. ತೆರೆದರು. "ಹಾಂ! ಹಾಂ ಹಾಂ! ಇದೆ ಕಣ್ರೀ! ಸುತ್ತ ಎಲ್ಲಾ ಕುಣೀತಾ ಇವೆ, ಇದೊಂದು ನಿಂತಿದೆ!" ಸೋಮಲಿಂಗಪ್ಪ ಗೂಡನ್ನು ಸರಿಸಿ ತೋರಿಸಿದ. ಸರಿಸುವ ಬೆರಳು ತನ್ನದಲ್ಲ, ಯಾರದೋ ಕೈಯಿಂದ ಎರವಲು ತಂದದ್ದು ಅನ್ನಿಸಿತು. ಅಷ್ಟರಲ್ಲಿ ಫ್ಯಾನು ನಿಧಾನವಾಯಿತು, ಲೇಸರಿನ ಗುಂಯ್ ಸದ್ದು ನಿಂತಿತು, ಕೆಂಪು ಬೆಳಕು ಆರಿತು. ಕರೆಂಟು ಹೋಯಿತು. ದೇವರೇ, ಎಂದುಕೊಂಡ ಸೋಮಲಿಂಗಪ್ಪ. ಅವನಿಗೆ ಆದದ್ದು ಭಯವಲ್ಲ, ಸಮಾಧಾನ. ಈಗ ತಾನೇನೂ ಹೇಳಬೇಕಾಗಿಲ್ಲ, ಕರೆಂಟೇ ಹೇಳುತ್ತದೆ. ಕಿಟಕಿಯ ಬೆಳಕು ಕನ್ನಡಿಯಿಂದ ಮೇಲೆ ಬರುತ್ತಲೇ ಇತ್ತು, ಸಾಹೇಬರ ಕಣ್ಣು ಐಪೀಸಿನ ಮೇಲೇ ಇತ್ತು. 

"ಅಲ್ಲೇ ಇದೆ!" ಎಂದು ಶಂಭುಲಿಂಗಪ್ಪನವರು ಕೂಗಿದರು. "ಬೆಳಕು ಹೋದ್ರೂ ಅಲ್ಲೇ ನಿಂತಿದೆ ಕಣ್ರೀ!"

ಪ್ರಿನ್ಸಿಪಾಲರ ಮುಖದ ಬಣ್ಣ ಹೋಯಿತು. ಅವರು ಕೆಮಿಸ್ಟ್ರಿಯವರು, ಎಷ್ಟೆಂದರೂ ಓದಿದವರು. ಸೋಮಲಿಂಗಪ್ಪನ ಕಡೆಗೆ ಒಮ್ಮೆ ನೋಡಿದರು, ಕೈಯಲ್ಲಿದ್ದ ಹಾರದ ಕಡೆಗೆ ಒಮ್ಮೆ ನೋಡಿದರು. "ಸುಮ್ನಿರ್ರಿ" ಎಂದು ತುಟಿಯಲ್ಲೇ ಅಂದರು. ಆ ಮಾತು ಕೇಳಿದ್ದೇ ಸೋಮಲಿಂಗಪ್ಪನಿಗೆ ಎಲ್ಲಿತ್ತೋ ಹಟ, ಬಾಯಿ ಬಂತು. "ಸಾರ್, ಬೆಳಕು ಹೋದ ಮೇಲೆ ಅದು ಹೋಗಬೇಕು ಸಾರ್."

"ಹೋಗಲಿಲ್ಲವಲ್ರೀ!"

"ಅದೇ ಸಾರ್ ತೊಂದರೆ."

"ಏನ್ರೀ ತೊಂದರೆ? ನಮ್ಮ ಡಿಪೋದಲ್ಲಿ ನಾನು ಬೆನ್ನು ತಿರುಗಿಸಿದ್ರೆ ಹಮಾಲಿಗಳು ಬೀಡಿ ಸೇದೋಕೆ ಹೋಗ್ತಾರೆ. ಇದು ನೋಡಿ, ಹಿಡಿಯೋರು ಇಲ್ಲದಿದ್ರೂ ಜಾಗ ಬಿಟ್ಟಿಲ್ಲ. ಇದಕ್ಕಲ್ವೇನ್ರೀ ಶಿಸ್ತು ಅನ್ನೋದು!"

"ಸಾರ್, ನಾನು ಹೇಳೋದು ಕೇಳಿ. ಅದು ನೀರಿನ ಗುಂಡಲ್ಲ. ಅದು..."  ಮುನಿಯಣ್ಣ ಗೋಡೆಗೆ ಒತ್ತಿ ನಿಂತಿದ್ದ. ಅವನಿಗೆ ಉಳಿದಿದ್ದ ಎರಡು ವರ್ಷದ ಸರ್ವಿಸ್ ನೆನಪಾಗಿ ಅವನ ಹೆಸರೊಂದನ್ನು ನುಂಗಿಕೊಂಡ. "ಅದು ವಿಭೂತಿ ಸಾರ್. ವಿಭೂತಿಯ ಪುಡಿ. ಗಾಜಿಗೆ ಅಂಟಿದೆ."

 ಶಂಭುಲಿಂಗಪ್ಪನವರು ನೆಟ್ಟಗಾದರು. ಕಾಲಿನ ಮೆಟ್ಟು ಕಳಚಿ ಪಕ್ಕಕ್ಕೆ ಸರಿಸಿದರು. ಎರಡೂ ಕೈ ಮುಗಿದರು, ಮೈಕ್ರೋಸ್ಕೋಪಿಗೆ. "ವಿಭೂತಿನಾ!" ಎಂದರು, ದನಿ ಗದ್ಗದವಾಗಿತ್ತು. "ಮೊದಲೇ ಹೇಳಬಾರದೇನ್ರೀ? ಇಂಥ ದೊಡ್ಡ ವಿಷಯ ಮುಚ್ಚಿಟ್ಟುಕೊಂಡು ಪ್ಲಾಸ್ಟಿಕ್ಕು ಗೀಸ್ಟಿಕ್ಕು ಅಂತ ಬರ್ಕೊಟ್ಟಿದೀರಲ್ಲ!"

ಆಮೇಲಿನದು ಸೋಮಲಿಂಗಪ್ಪನಿಗೆ ಜ್ವರದಲ್ಲಿ ಕಂಡಂತೆ ಕಂಡಿತು. ಸಭೆಯಲ್ಲಿ ಮೈಕು ಇರಲಿಲ್ಲ, ಕರೆಂಟು ಬಂದಿರಲಿಲ್ಲ. ಶಂಭುಲಿಂಗಪ್ಪನವರಿಗೆ ಅದರ ಅಗತ್ಯವೂ ಇರಲಿಲ್ಲ. ಅಮೆರಿಕದವರು ಹಿಡಿದ ಕಣ ದೀಪ ಆರಿದರೆ ಓಡಿಹೋಗುತ್ತದೆ, ನಮ್ಮ ಮೇಷ್ಟ್ರು ಹಿಡಿದದ್ದು ಓಡುವುದಿಲ್ಲ, ಯಾಕೆಂದರೆ ಅದು ಏನು ಅನ್ನುವುದನ್ನು ಪ್ರಿನ್ಸಿಪಾಲರೇ ಹೇಳಲಿ, ಎಂದರು. ಪ್ರಿನ್ಸಿಪಾಲರು ಎದ್ದು ನಿಂತು ಹೇಳಿದರು. ಚಪ್ಪಾಳೆ ಬಿತ್ತು. ಬೂದು ಕೋಟಿನ ಮೇಲೆ ಶಾಲು, ಶಾಲಿನ ಮೇಲೆ ಹಾರ, ಹಾರದೊಳಗೆ ಒಂದು ಇರುವೆ. ಅದು ಕತ್ತಿನ ಹಿಂದೆ ಕಚ್ಚುತ್ತಿತ್ತು, ವೇದಿಕೆಯ ಮೇಲೆ ಕೆರೆದುಕೊಳ್ಳುವ ಹಾಗಿರಲಿಲ್ಲ. ಮುಂದಿನ ಭಾನುವಾರ ಮಠದ ಹಿರಿಯರು ದರ್ಶನಕ್ಕೆ ಬರುತ್ತಾರೆ, ಅವರ ಸಮ್ಮುಖದಲ್ಲೇ ಸೋಮಲಿಂಗಪ್ಪನವರ ಖಾಯಂ ಆರ್ಡರಿಗೆ ರುಜು ಹಾಕಲಾಗುವುದು ಎಂದು ಘೋಷಣೆಯಾಯಿತು. ಇಳಿಯುವಾಗ ಶಂಭುಲಿಂಗಪ್ಪನವರು ಅವನ ಕಿವಿಯ ಹತ್ತಿರ ಬಗ್ಗಿ, "ಅಲ್ಲೀವರೆಗೆ ಏನೂ ಮುಟ್ಟಬೇಡಿ, ಹಂಗೇ ಇರಲಿ" ಎಂದರು. ನಿಜ ಹೇಳಿದೆನಲ್ಲ ಎಂದು ಅವನು ತನಗೆ ತಾನೇ ಹೇಳಿಕೊಂಡ. ಹೇಳಿದ್ದಂತೂ ಹೌದು. ಎಲ್ಲರ ಮುಂದೆ, ಬಾಯಿಬಿಟ್ಟು, ಸ್ಪಷ್ಟವಾಗಿ ಹೇಳಿದ್ದ. ಅವರು ಅದನ್ನೂ ಹಾರ ಹಾಕಿಯೇ ತಗೊಂಡಿದ್ದರು.

ಮೂರು ಗಂಟೆಗೆ ಕರೆಂಟು ಬಂತು. ಕಾಲೇಜು ಖಾಲಿಯಾಗಿತ್ತು. ಸೋಮಲಿಂಗಪ್ಪ ಶಾಲನ್ನು ಸ್ಟೂಲಿನ ಮೇಲೆ ಹಾಕಿ, ಐಪೀಸು ಬಿಚ್ಚಿ, ಕರವಸ್ತ್ರದ 'ಸೋ' ಮೂಲೆಯಿಂದ ಒಳಗಾಜನ್ನು ಒರೆಸಿದ. ಎರಡು ಸಲ, ಸಿಟ್ಟಿನಿಂದ. ಮತ್ತೆ ಹಾಕಿ ಕಣ್ಣಿಟ್ಟ. ಬೆಳಕಿನ ನಡುವೆ ಯಾರೂ ಇರಲಿಲ್ಲ. ಆ ಖಾಲಿ ಜಾಗ ನೋಡಿ ಹಗುರವಾಯಿತು. ಮನೆಗೆ ಹೋಗಬಹುದಿತ್ತು, ಹೋಗಲಿಲ್ಲ. ಎಷ್ಟು ಹೊತ್ತು ಕೂತಿದ್ದನೋ. ಒಂದು ಗುಂಡು ಅಡ್ಡಾಡುತ್ತ ಬೆಳಕಿನ ಅಂಚಿಗೆ ಬಂತು. ಎಲ್ಲವೂ ಹಾಗೆ ಬಂದು ಹೋಗುತ್ತವೆ. ಇದು ಹೋಗಲಿಲ್ಲ. ಅನುಮಾನಿಸುತ್ತ ಒಳಗೆ ಸರಿಯಿತು, ನಡುವಿಗೆ ಬಂತು, ಬೆಳಕು ಹೋಗುವ ಕಡೆಗೆ ಮೆಲ್ಲಗೆ, ಬಹಳ ಮೆಲ್ಲಗೆ ಜಾರಿ ಗೂಡಿನ ಗೋಡೆಗೆ ಒತ್ತಿ ನಿಂತಿತು. ಸೋಮಲಿಂಗಪ್ಪ ಉಸಿರು ಹಿಡಿದು ಲೇಸರಿಗೆ ಅಂಗೈ ಅಡ್ಡ ಇಟ್ಟ. ಗುಂಡು ನಡುಗಿ, ಅತ್ತ ಇತ್ತ ತೂರಾಡಿ, ಹೊರಟಿತು. ಕೈ ತೆಗೆದ. ಬಂತು. ಇಟ್ಟ, ಹೋಯಿತು. ತೆಗೆದ, ಬಂತು. ಐಪೀಸು ತಿರುಗಿಸಿದ, ಅದು ತಿರುಗಲಿಲ್ಲ. ನಾಲ್ಕು ಸಲ ಮಾಡಿದ, ಐದನೆಯ ಸಲವೂ ಮಾಡಿದ.  ಅಯ್ಯೋ ಬಂದೆಯೇನೋ, ಈಗ ಬಂದೆಯೇನೋ ಮಾರಾಯ, ಎಂದು ಗಟ್ಟಿಯಾಗಿಯೇ ಅಂದ. ಬಾಗಿಲಿಗೆ ಬೀಗ ಹಾಕಲು ಬಂದ ಮುನಿಯಣ್ಣನನ್ನು ತೋಳು ಹಿಡಿದು ಎಳೆದು ತಂದು ಕೂರಿಸಿದ.

"ಇದ್ಯಾಕ್ಸಾರ್ ಹಿಂಗೆ ನಡುಗ್ತದೆ?" ಎಂದ ಮುನಿಯಣ್ಣ.

"ನೀರು ಅದನ್ನ ಒದೀತಾ ಇರುತ್ತೆ ಕಣಪ್ಪ. ಆದ್ರೂ ಬೆಳಕು ಹಿಡ್ಕೊಂಡಿದೆ. ಈಗ ನೋಡು." ಕೈ ಅಡ್ಡ ಇಟ್ಟ.

"ಹೋಯ್ತು ಸಾರ್!"

"ಹೋಗಬೇಕು! ಅದೇ ನಿಜ!"

ಮುನಿಯಣ್ಣ ಇನ್ನೂ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಎದ್ದು ಕಣ್ಣು ಒರೆಸಿಕೊಂಡ. "ಇದು ಆಗಲ್ಲ ಸಾರ್" ಎಂದ, ಕಾಯಿಲೆಯವರಿಗೆ ಹೇಳುವಷ್ಟು ಮೆತ್ತಗೆ. "ಭಾನುವಾರ ಹಿರೀಕರು ಬಂದಾಗ ಕರೆಂಟು ಹೋದ್ರೆ ಇದು ಮಾನ ಕಳೀತದೆ. ಬೆಳಗ್ಗೇದೇ ವಾಸಿ, ಗಟ್ಟಿಯಾಗಿ ನಿಂತಿತ್ತು. ಅದನ್ನೇನು ಮಾಡಿದ್ರಿ?"

"ಒರೆಸಿಬಿಟ್ಟೆ."

ಮುನಿಯಣ್ಣ ಸ್ಟೂಲಿನ ಮೇಲಿದ್ದ ಶಾಲನ್ನು ಎತ್ತಿ, ಧೂಳು ಕೊಡವಿ, ಅಂಚಿಗೆ ಅಂಚು ಸೇರಿಸಿ ಮಡಿಸಿ ಮೇಜಿನ ಮೇಲಿಟ್ಟ. "ಅಮ್ಮೋರು ಮಧ್ಯಾಹ್ನ ಪೋಸ್ಟಾಫೀಸ್ ಹತ್ರ ಸಿಕ್ಕಿದ್ರು ಸಾರ್," ಎಂದ. "ಅವರ ಊರಿಗೆಲ್ಲ ಕಾಗದ ಹಾಕ್ತಾ ಇದ್ರು. ನಮ್ಮ ಯಜಮಾನರು ಖಾಯಂ ಆದ್ರು ಅಂತ."

ಸೋಮಲಿಂಗಪ್ಪ ಮತ್ತೆ ಬಗ್ಗಿ ಕಣ್ಣಿಟ್ಟ. ಗುಂಡು ವಾಪಸು ಬಂದಿತ್ತು. ಬೆಳಕಿನ ನಡುವೆ ನಡುಗುತ್ತ, ಬಿಡಿಸಿಕೊಳ್ಳಲೂ ಆಗದೆ ಸುಮ್ಮನಿರಲೂ ಆಗದೆ ನಿಂತಿತ್ತು. ಅದನ್ನು ಅವನು ಬಹಳ ಹೊತ್ತು ನೋಡಿದ. ಆಮೇಲೆ ಕೈಚಾಚಿ ಲೇಸರಿನ ಸ್ವಿಚ್ಚು ಆರಿಸಿದ. ಅದು ಹೊರಟುಹೋಗುವುದನ್ನೂ ಕೊನೆಯವರೆಗೆ ನೋಡಿ, ಐಪೀಸನ್ನು ತಿರುಪಿ ಬಿಚ್ಚಿ ಎಡಗೈಯಲ್ಲಿ ಹಿಡಿದುಕೊಂಡ.

"ವಿಭೂತಿ ಡಬ್ಬಿ ತರಲಾ ಸಾರ್?" ಎಂದ ಮುನಿಯಣ್ಣ.

"ಬೇಡ" ಎಂದು ಸೋಮಲಿಂಗಪ್ಪ ಬಲಗೈಯ ಬೆರಳನ್ನು ತನ್ನ ಹಣೆಯ ವಿಭೂತಿಗೆ ಒತ್ತಿದ.